ಹದಿನೇಳು ಸಲ ಕಡತ ಹುಡುಕಾಟ

ಹೃದಯದ ಮೇಲೆ ಕವಿತೆ ಬರೆದವರು ಸಾವಿರ ಮಂದಿ. ಮೂತ್ರಕೋಶದ ಮೇಲೆ ಒಬ್ಬರೂ ಬರೆದಂತಿಲ್ಲ. ಬರೆಯಲು ಕುಳಿತವರೆಲ್ಲ ಎರಡನೇ ಸಾಲಿಗೇ ಎದ್ದು ಹೋಗಿರಬೇಕು ಎಂಬುದು ನನ್ನ ಅನುಭವದ ಊಹೆ.

ನಾನು ಕಚೇರಿಯೊಂದರ ಹೆಡ್ ಕ್ಲಾರ್ಕ್. ಕಳೆದ ವರ್ಷ ಶಿಸ್ತಿನ ಅವತಾರವೆತ್ತಿ ‘ಚಲನವಲನ ಪುಸ್ತಕ’ ಎಂಬುದನ್ನು ಜಾರಿಗೆ ತಂದೆ. ಕುರ್ಚಿ ಬಿಟ್ಟು ಎದ್ದವರು ಸಮಯ, ಕಾರಣ ಬರೆದು ಸಹಿ ಹಾಕಿಯೇ ಬಾಗಿಲು ದಾಟಬೇಕು. (ಆ ದಿನ ನನ್ನ ಮೂತ್ರಕೋಶ ಒಳಗೊಳಗೇ ನಕ್ಕಿರಬೇಕು.) ಈಗ ಮೂರು ತಿಂಗಳಿಂದ ಆ ಪುಸ್ತಕದ ತುಂಬ ನನ್ನದೇ ಸಹಿ. ನಿಜವಾದ ಕಾರಣ ಬರೆಯಲು ಮಾನ ಅಡ್ಡ ಬಂದು, ‘ಕಡತ ಹುಡುಕಾಟ’ ಎಂದು ಬರೆಯುತ್ತಿದ್ದೆ.

“ಸಾರ್, ಕಡತ ಸಿಕ್ತಾ?” ಎಂದು ಟೈಪಿಸ್ಟಮ್ಮ ಪ್ರತಿಸಲವೂ ಭಕ್ತಿಯಿಂದ ವಿಚಾರಿಸುತ್ತಿದ್ದರು.

ಕೊನೆಗೆ ಹೆಂಡತಿಯೇ ಡಾಕ್ಟರ ಬಳಿಗೆ ಎಳೆದೊಯ್ದಳು. ಅವರು ಪರೀಕ್ಷೆಗಳನ್ನೆಲ್ಲ ಮುಗಿಸಿ, “ಈ ಮಾತ್ರೆ ತಗೊಳ್ಳಿ. ಗುಣ ಕಾಣೋಕೆ ಕೆಲವು ವಾರ ಬೇಕು. ಬಾಯಿ ಒಣಗುತ್ತೆ, ಒಂದೊಂದೇ ಗುಟುಕು ನೀರು ಕುಡೀರಿ” ಎಂದರು. ನನ್ನ ಕಿವಿ ‘ಮಾತ್ರೆ’ ಎಂಬಲ್ಲಿಗೇ ಬಾಗಿಲು ಹಾಕಿಕೊಂಡಿತ್ತು. ಏಕೆಂದರೆ ಮರುದಿನವೇ ಮೇಲಧಿಕಾರಿಗಳ ತಪಾಸಣೆ. ವಾರ್ಷಿಕ ವರದಿಯನ್ನು ಎರಡು ಗಂಟೆ, ಕೂತಲ್ಲಿಂದ ಅಲ್ಲಾಡದೆ ನಾನು ಓದಬೇಕು. ಇಡೀ ಕಚೇರಿಯೆದುರು ನನ್ನ ಮರ್ಯಾದೆ ಆ ಎರಡು ಗಂಟೆಗೆ ನೇತುಬಿದ್ದಿತ್ತು.

“ಆ ಅಧಿಕಾರಿಗಳಿಗೆ ಇದ್ದದ್ದು ಇದ್ದ ಹಾಗೆ ಹೇಳಿಬಿಡಿ,” ಎಂದಳು ಹೆಂಡತಿ.

“ಏನಂತ? ವರದಿ ಮಧ್ಯೆ ವಿಶೇಷ ಪ್ರಕಟಣೆ ಅಂತಲಾ?”

“ಅವರೇನು ಆಕಾಶದಿಂದ ಇಳಿದು ಬಂದವ್ರಾ? ಅವರೂ ಹೋಗ್ತಾರೆ.”

“ಮೇಲಧಿಕಾರಿಗಳು ಹಾಗೆಲ್ಲ ಹೋಗಲ್ಲ ಕಣೆ!”

“ಸರಿ ಹಾಗಾದ್ರೆ. ನಿಮ್ಮ ಕಡತ, ನಿಮ್ಮ ಹಣೆಬರಹ.”

ಬೆಳಿಗ್ಗೆ ಮಾತ್ರೆ ನುಂಗಿ, ವೀರಾವೇಶದಿಂದ ಓದತೊಡಗಿದೆ. ಮೂರನೇ ಪುಟಕ್ಕೆ ನಾಲಗೆ ಅಂಚೆಚೀಟಿಯಂತೆ ಅಂಗುಳಿಗೆ ಅಂಟಿತು. ‘ಸರ್ವತೋಮುಖ ಪ್ರಗತಿ’ ಹೊರಬರಲು ಅರ್ಧ ಲೋಟ ನೀರು ಬೇಕಾಯಿತು. ‘ಕಾರ್ಯದಕ್ಷತೆ’ಗೆ ಪೂರ್ತಿ ಲೋಟ. ಹತ್ತನೇ ಪುಟಕ್ಕೆ ಜಗ್ಗು ಖಾಲಿ, ನಾನು ಭರ್ತಿ. ಒಂದು ದಿನದ ಮಾತ್ರೆ, ಪಾಪ, ಒಂದು ಜಗ್ಗಿನೆದುರು ಏನು ಮಾಡೀತು? ಎದ್ದು ಓಡಿದೆ.

ಬಾಗಿಲಲ್ಲಿ ನಮ್ಮ ಹಿರಿಯ ಜವಾನ ಪುಸ್ತಕ ಹಿಡಿದು ಅಡ್ಡ ನಿಂತ. “ಸಹಿ ಸಾರ್. ಯಾರೇ ಆಗ್ಲಿ ಬಿಡ್ಬೇಡ ಅಂತ ನೀವೇ ಅಂದಿದ್ದು.”

ಒಂಟಿಕಾಲಲ್ಲಿ ಕುಣಿಯುತ್ತ ಬರೆದೆ: ಕಡತ ಹುಡುಕಾಟ.

ಹಿಂತಿರುಗಿದಾಗ ಪುಸ್ತಕ ಅಧಿಕಾರಿಗಳ ಕೈಯಲ್ಲಿತ್ತು. “ಸೋಮವಾರ ಒಂದೇ ದಿನ ಹದಿನೇಳು ಸಲ ಕಡತ ಹುಡುಕಾಟ! ಅಷ್ಟು ಕೆಟ್ಟುಹೋಗಿದೆಯೇನ್ರೀ ನಿಮ್ಮ ಕಡತಗಳ ಕೋಣೆ?”

ನಿಜ ಹೇಳಲು ಬಾಯಿ ತೆರೆದೆ. ಬಾಯಿ ಒಣಗಿತ್ತು.

“ಒಂದು ನಿಮಿಷ” ಎಂದು ಅವರು ಎದ್ದು, ಪುಸ್ತಕದಲ್ಲಿ ದುಂಡಗೆ ‘ಮೂತ್ರಕ್ಕೆ’ ಎಂದು ಬರೆದು, ಸಹಿ ಹಾಕಿ, ರಾಜಗಾಂಭೀರ್ಯದಿಂದ ಹೋಗಿಬಂದರು. ಯಾರೂ ನಗಲಿಲ್ಲ. ಬಂದು ಕುಳಿತವರೇ ಆಜ್ಞೆ ಹೊರಡಿಸಿದರು: ಕಡತಗಳೆಲ್ಲ ಸರಿಯಾಗುವವರೆಗೆ ನನ್ನ ಕುರ್ಚಿ ನೆಲಮಾಳಿಗೆಯ ಕಡತಗಳ ಕೋಣೆಗೆ.

ಅಲ್ಲಿಂದ ಶೌಚಾಲಯಕ್ಕೆ ನಲವತ್ತೆರಡು ಮೆಟ್ಟಿಲು. ಮಾತ್ರೆ ನಿಧಾನವಾಗಿ ಗುಣ ಕೊಡುತ್ತಿದೆ. ಹದಿನೇಳು ಹನ್ನೊಂದಕ್ಕೆ ಇಳಿದಿದೆ. ಬುದ್ಧಿ ಬಂದು, ಈಗ ನಾನೂ ‘ಮೂತ್ರಕ್ಕೆ’ ಎಂದೇ ದಪ್ಪಕ್ಷರದಲ್ಲಿ ಬರೆಯುತ್ತೇನೆ.

ನಿನ್ನೆ ಟೈಪಿಸ್ಟಮ್ಮ, ಈಗಿನ ಪ್ರಭಾರ ಹೆಡ್ ಕ್ಲಾರ್ಕ್, ಅದನ್ನು ಓದಿ ಕನ್ನಡಕ ಇಳಿಸಿದರು.

“ದಿನಕ್ಕೆ ಹನ್ನೊಂದು ಸಲಾನಾ? ಕಡತ ಹುಡ್ಕೋದು ತಪ್ಪಿಸ್ಕೊಳ್ಳೋಕೆ ಎಂಥಾ ನೆಪ ಸಾರ್ ಇದು!”