ಫೋಟೊ ಹಿಂದಿನ ಪೈಪು

ಎರಡಿಂಚಿನ ಒಂದು ಮೊಳೆ ಏನೇನು ಮಾಡಬಲ್ಲದು ಎಂಬುದನ್ನು ಬ್ಯಾಡಗಿಯ ಕೊಟ್ರೇಶನನ್ನು ಕೇಳಬೇಕು. ಕೇಳುವಾಗ ತುಸು ದೂರ ನಿಂತರೆ ಒಳ್ಳೆಯದು.

ಎಂಟು ವರ್ಷ ಬೇರೆಯವರ ಕೈಕೆಳಗೆ ಏಸಿ ಪೈಪು ಜೋಡಿಸಿದ ಅವನಿಗೆ ವಿಜಯಮಹಾಂತೇಶನ ಸೀರೆ ಅಂಗಡಿ ಸ್ವಂತಕ್ಕೆ ಸಿಕ್ಕ ಮೊದಲ ಕೆಲಸ. ಸಂಜೆ ಐದಕ್ಕೆ ಅಂಗಡಿಯ ಆರಂಭ. ಅಷ್ಟರಲ್ಲಿ ಒಳಗೆಲ್ಲ ತಣ್ಣಗಾದರೆ ಹಾವೇರಿಯಲ್ಲಿ ಏಳುತ್ತಿರುವ ಮೂರಂತಸ್ತಿನ ಅಂಗಡಿಯ ಕೆಲಸವೂ ಅವನದೇ ಎಂದು ಸಾವಕಾರ ಮಾತು ಕೊಟ್ಟಿದ್ದ. ಕೊಟ್ರೇಶ ಗೋಡೆಯೊಳಗೆ ತಾಮ್ರದ ಪೈಪು ಹುದುಗಿಸಿ, ಗಿಲಾವು ಮಾಡಿಸಿ, ಎಲ್ಲಾದರೂ ಸೋರುತ್ತದೆಯೇ ಎಂದು ನೋಡಲು ನೈಟ್ರೋಜನ್ ತುಂಬಿಟ್ಟಿದ್ದ. ಬೆಳಿಗ್ಗೆ ಎಂಟಕ್ಕೆ ತಾರಸಿ ಹತ್ತಿ ನೋಡಿದರೆ ಒತ್ತಡ ತೋರಿಸುವ ಗೇಜಿನ ಮುಳ್ಳು ಕೂದಲೆಳೆಯಷ್ಟೂ ಅಲುಗಿರಲಿಲ್ಲ. ಅದಕ್ಕೊಂದು ನಮಸ್ಕಾರ ಹಾಕಿ ಚಹಾಕ್ಕೆ ಹೋದ.

ಅದೇ ಹೊತ್ತಿಗೆ ಕೆಳಗೆ ವಿಜಯಮಹಾಂತೇಶ, ತೀರಿಹೋದ ತಂದೆ ಅಂದಾನೆಪ್ಪನವರ ಫೋಟೊ ತೂಗುಹಾಕಲು ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಗೆ ಭಕ್ತಿಯಿಂದ ಮೊಳೆ ಹೊಡೆದ. ಭಕ್ತಿ ಹೆಚ್ಚಾಗಿದ್ದರಿಂದ ಮೊಳೆ ಆಳಕ್ಕೇ ಹೋಯಿತು.

ಕೊಟ್ರೇಶ ಮರಳಿ ಬಂದಾಗ ಮುಳ್ಳು ಅರ್ಧಕ್ಕೆ ಇಳಿದಿತ್ತು. ಬಕೆಟ್ಟಿನಲ್ಲಿ ಸೋಪಿನ ನೀರು ಕಲಸಿ, ಕಣ್ಣಿಗೆ ಬಿದ್ದ ಬೆಸುಗೆಗಳಿಗೆಲ್ಲ ಬಳಿಯತೊಡಗಿದ. ಸೋರುವ ಕಡೆ ಗುಳ್ಳೆ ಏಳಬೇಕಲ್ಲ!

ಪಕ್ಕದ ಟೇಲರ್ ಇಸಾಕಸಾಬ ಇಣುಕಿದ. "ಏನೋ ಕೊಟ್ರೇಶಾ, ಏಸಿಗೆ ಜಳಕಾ ಮಾಡ್ಸಾಕತ್ತೀಯೇನು?"

"ಎಲ್ಲೋ ಸೋರಾಕತ್ತೇತ್ರಿ ಸಾಬ್ರ."

"ಪಂಚರ್ ಪ್ಯಾಚ್ ಹಚ್ಚು. ನನ್ನ ಸೈಕಲ್ ಹದಿನೈದು ವರ್ಷ ಅದರ ಮ್ಯಾಲ ನಡದೈತಿ."

ಬಾಗಿಲಿಗೆ ಹೂ ಕಟ್ಟಲು ಬಂದಿದ್ದ ಮೈಲವ್ವನಿಗೆ ಸುಮ್ಮನಿರಲು ಆಗಲಿಲ್ಲ. ಇನ್ನೊಂದು ಬ್ರಷ್ಷು ತೆಗೆದುಕೊಂಡು ಸಿಕ್ಕಿದ್ದಕ್ಕೆಲ್ಲ ಬಳಿದಳು. ಕರೆಂಟಿನ ಬೋರ್ಡಿಗೂ ಬಳಿದಳು. ಠಪ್ಪೆಂದು ದೀಪ ಆರಿ, ಫ್ಯಾನುಗಳೆಲ್ಲ ನಿಂತವು.

ಫ್ಯಾನುಗಳ ಗದ್ದಲ ನಿಂತದ್ದೇ ತಡ, ಅಂದಾನೆಪ್ಪನವರ ಫೋಟೊ ಹಿಂದಿನಿಂದ ಸಣ್ಣ ದನಿ ಕೇಳಿಸಿತು: "ಸ್ಸ್ಸ್..."

ಕೊಟ್ರೇಶ ಖುಷಿಯಿಂದ ಫೋಟೊಕ್ಕೆ ಕೈ ಹಾಕುವಷ್ಟರಲ್ಲಿ ಸಾವಕಾರನ ತಾಯಿ ಮುತ್ತವ್ವ ಅಡ್ಡ ಬಂದಳು.

"ಮುಟ್ಟಬ್ಯಾಡ ತಮ್ಮಾ! ಅವರು ನನ್ನ ಕರ್ಯಾಕತ್ತಾರ!"

"ಯಾರ್ರಿ ಅಮ್ಮಾರ?"

"ನಲವತ್ತು ವರ್ಷ ಬಾಳ್ವೆ ಮಾಡಿದ್ವಿ. ಒಂದಿನಾನೂ ಹೆಸರು ಹಿಡದು ಕರೀಲಿಲ್ಲ. ನೀರು ಬೇಕಾದ್ರೂ 'ಸ್ಸ್', ಸಿಟ್ಟು ಬಂದ್ರೂ 'ಸ್ಸ್'. ಆ ದನಿ ಕೇಳಿ ಆರು ವರ್ಷಾತಪ್ಪಾ!"

"ಅಮ್ಮಾರ, ಅದು ನೈಟ್ರೋಜನ್ರಿ..."

"ಆ ಹೆಸರಿನವರು ನಮ್ಮ ಮನಿತನದಾಗ ಯಾರೂ ಇಲ್ಲ!"

ಕ್ಷಣದಲ್ಲಿ ತೆಂಗಿನಕಾಯಿ ಒಡೆಯಿತು. ಊದಿನಕಡ್ಡಿಯ ಹೊಗೆ ಎದ್ದಿತು. ಮೈಲವ್ವ ಕೈಮುಗಿದು ಮಗಳ ಲಗ್ನ ಯಾವಾಗ ಎಂದು ಕೇಳಿದಳು. "ಸ್ಸ್" ಎಂದರು ಅಂದಾನೆಪ್ಪನವರು. "ಲಗೂನ ಅಂದ್ರು!" ಎಂದು ಮೈಲವ್ವ ಕುಣಿದಾಡಿದಳು.

ಗಂಟೆ ಹನ್ನೊಂದಾಯಿತು. ಹಾವೇರಿ ಕೈಬಿಟ್ಟು ಹೋಗುವುದು ಕೊಟ್ರೇಶನಿಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು. ಕೊನೆಗೊಂದು ಉಪಾಯ ಹೊಳೆಯಿತು.

"ಅಮ್ಮಾರ, ಯಜಮಾನ್ರು ಕರ್ಯಾಕತ್ತಿಲ್ರಿ, ನರಳಾಕತ್ತಾರ. ಬೆನ್ನಿಗೆ ಮೊಳಿ ಚುಚ್ಚೇತಿ!"

"ಅಯ್ಯ ಶಿವನ!" ಎಂದ ಮುತ್ತವ್ವ ತಾನೇ ಫೋಟೊ ಇಳಿಸಿ, ಕುರ್ಚಿಯಲ್ಲಿ ಬೆನ್ನಿಗೆ ತಲೆದಿಂಬು ಇಟ್ಟು ಕೂರಿಸಿದಳು. ಕೊಟ್ರೇಶ ಬೋರ್ಡು ಒರೆಸಿ ಕರೆಂಟು ಹಾಕಿದ, ಗೋಡೆ ಒಡೆದ, ತೂತಾದ ಪೈಪು ಕತ್ತರಿಸಿ ಹೊಸ ತುಂಡಿಗೆ ಬೆಸುಗೆ ಹಾಕಿದ, ಮತ್ತೆ ಪರೀಕ್ಷೆ ಮಾಡಿದ, ಒಳಗಿನ ಗಾಳಿ ಎಳೆದು ಗ್ಯಾಸು ತುಂಬಿದ. ಊಟವಿಲ್ಲ, ನೀರಿಲ್ಲ. ಐದಕ್ಕೆ ಹತ್ತು ನಿಮಿಷವಿದ್ದಾಗ ಅಂಗಡಿ ಎಷ್ಟು ತಣ್ಣಗಾಯಿತೆಂದರೆ ಇಸಾಕಸಾಬ ಮಫ್ಲರ್ ತರಲು ಓಡಿದ.

"ಭಲೇ! ಹಾವೇರಿ ಕೆಲಸ ನಿಂದ ನೋಡು!" ಎಂದು ವಿಜಯಮಹಾಂತೇಶ ತಬ್ಬಿಕೊಂಡ. ಕೊಟ್ರೇಶನ ಕಣ್ಣಲ್ಲಿ ನೀರು ಬಂತು. ಬದುಕು ಸಾರ್ಥಕ ಅನ್ನಿಸಿತು.

ಆಗ ಕುರ್ಚಿಯ ಕಡೆಯಿಂದ ಅಳು ಕೇಳಿಸಿತು. ಮುತ್ತವ್ವ ಫೋಟೊಕ್ಕೆ ಕಿವಿ ಹಚ್ಚಿ ಕೂತಿದ್ದಳು.

"ಆವಾಗಿಂದ ಒಂದ್ಸಲನೂ ಕರೀವಲ್ರು. ನರಳಿದ್ರ ನರಳ್ಲಿ, ದನಿಯಾರ ಕೇಳ್ತಿತ್ತು. ಮೊದಲ ಹೆಂಗಿತ್ತೋ ಹಂಗ ಮಾಡ್ಸೋ ಮಗನ!"

ತಾಯಿ ಅತ್ತರೆ ವಿಜಯಮಹಾಂತೇಶ ಕರಗಿಹೋಗುತ್ತಿದ್ದ. ಕೊಟ್ರೇಶನನ್ನು ಮೂಲೆಗೆ ಕರೆದು, ಅದೇ ಎರಡಿಂಚಿನ ಮೊಳೆಯನ್ನು ಅಂಗೈಗೆ ಇಟ್ಟ.

"ಹೊಡದುಬಿಡು."

"ಸಾವಕಾರ್ರ! ಮತ್ತ ಏಸಿ? ಹಾವೇರಿ ಕೆಲಸ?"

"ಗಿರಾಕಿಗೆ ಫ್ಯಾನ್ ಸಾಕು. ಹಾವೇರಿ ಕೆಲಸ ನಿಂದ ಐತಿ, ಮಾತು ತಪ್ಪಂಗಿಲ್ಲ. ಮೂರೂ ಅಂತಸ್ತಿನ್ಯಾಗ ಅಪ್ಪಾರ ಫೋಟೊ ಹಾಕಸ್ತೇನಿ, ಮೂರೂ ಕಡೆ ಸೋರಬೇಕು. ಒಂದು ಸೋರಲಿಲ್ಲಂದ್ರೂ ನಿನಗ ಪೈಸಾ ಕೊಡಂಗಿಲ್ಲ ನೋಡು!"