ಭಾವನ ಅಕಾರ್ಡಿಯನ್ನಿಗೆ ದನಿ ಏರಿಸಿದ್ದು

ದೇವರಿಗೆ ನಗಬೇಕೆನಿಸಿದಾಗ ಲಕ್ಷ್ಮೀ ನಗರದ ನಮ್ಮ ಮನೆಯ ಕಡೆ ನೋಡುತ್ತಾನೋ ಏನೋ, ಇಂಥವು ನಮ್ಮಲ್ಲಿ ಆಗುತ್ತಲೇ ಇರುತ್ತವೆ. ಈ ಸಲದ್ದನ್ನು ಹೇಳುವಾಗ ಮಾತ್ರ ನನಗೆ ಪೂರ್ತಿ ನಗು ಬರುವುದಿಲ್ಲ.

ನನ್ನ ಹೆಂಡತಿಯ ಅಣ್ಣ, ಅಂದರೆ ನಮ್ಮ ಭಾವ, ಕಾಮಠಿಯಲ್ಲಿ ಫೌಜಿನ ಬ್ಯಾಂಡಿನಲ್ಲಿದ್ದವರು. ತಮ್ಮ ಹಳೆಯ ಅಕಾರ್ಡಿಯನ್ನನ್ನು, ಎದೆಗೆ ತೂಗುಹಾಕಿ ನುಡಿಸುವ ಆ ತಿದಿಯ ಪೆಟ್ಟಿಗೆಯನ್ನು, ನಮ್ಮ ಏಕಾದಶಿ ಭಜನೆಗೆಂದು ಕೊಟ್ಟರು. "ನನ್ನ ಬೆರಳು ಇನ್ನ ಓಡೂದಿಲ್ಲ. ಕಣ್ಣಿನ ಆಪರೇಷನ್ ಆದ ಮ್ಯಾಲ ಬಂದು ಒಮ್ಮೆ ಕೇಳ್ತೀನಿ, ಅಷ್ಟ ಸಾಕು" ಎಂದರು.

ಅದರ ದನಿ ಬಲು ಮೆದು. ಪಕ್ಕದ ಕೋಣೆಯಲ್ಲಿ ಯಾರೋ ಕೂಸನ್ನು ತೂಗುತ್ತಿದ್ದಂತೆ. ನಮ್ಮ ಭಜನೆಯಲ್ಲಿ ತಾಳ ಹಾಕುವ ಅಜ್ಜನ ಎದುರು ಅದು ಕೇಳಿಸಬೇಕಲ್ಲ! ಭಾವ ಬರುವುದರೊಳಗೆ ದನಿ ಏರಿಸಿಬಿಡೋಣವೆಂದು ನಾನೇ ಸ್ಕ್ರೂಡ್ರೈವರ್ ಹಿಡಿದೆ.

೧. ಬಟ್ಟೆ

ಮುಂದಿನ ಜಾಲರಿಯ ಒಳಗೆ ಕೆಂಪು ರೇಷ್ಮೆ ಬಟ್ಟೆ ಅಂಟಿಸಿತ್ತು. ದನಿಯನ್ನು ತಡೆಯುವುದು ಇದೇ ಎಂದು ಕಿತ್ತೆ. ದನಿ ಹೊರಬಂತು, ಸುಳ್ಳಲ್ಲ. ಬೆರಳಿಟ್ಟಾಗಲೆಲ್ಲ ಒಳಗಿನ ಸರಳುಗಳ ಟಕಟಕವೂ ಜೊತೆಗೇ ಬಂತು. ಪಕ್ಕದ ಮನೆಯ ಮರಾಠಿ ಕಾಕು ಇಣುಕಿ, "ಭಾವೂಜಿ, ಟೈಪಿಂಗ್ ಕ್ಲಾಸ್ ಸುರು ಕೇಲಾ ಕಾ?" ಎಂದರು. ಕ್ಲಾಸು ಶುರುವಾಗಿದ್ದರೆ ತಮ್ಮ ಸೊಸೆಯನ್ನು ಕಳಿಸಲೇ ಎಂದೂ ಕೇಳಿದರು.

ಬಟ್ಟೆಯನ್ನು ಮತ್ತೆ ಹಾಕೋಣವೆಂದು ಹುಡುಕಿದರೆ ಸಿಗಲಿಲ್ಲ.

"ಅದನ್ನ ತೊಳದು ನಮ್ಮ ಬಾಲಕೃಷ್ಣಗ ಅಂಗಿ ಹೊಲದೀನಲ್ರಿ" ಎಂದಳು ಹೆಂಡತಿ. "ದೇವರ ಮೈಮ್ಯಾಲಿಂದ ಬಿಚ್ಚಿ ಕೊಡ್ಲೇನು?"

ನಾನು ಕೈ ಮುಗಿದೆ. ಯಾರಿಗೆಂದು ಅವಳು ಕೇಳಲಿಲ್ಲ.

೨. ಚರ್ಮ

ಒಳಗೆ ಸ್ವರ ನುಡಿಯುವ ಲೋಹದ ನಾಲಿಗೆಗಳ ಮೇಲೆ ಗಾಳಿ ಸೋರದಂತೆ ತೆಳ್ಳನೆಯ ಚರ್ಮದ ಪಟ್ಟಿಗಳಿದ್ದವು. ತಾಳದ ಅಜ್ಜ ಕಂಡವರೇ ಹಿಂದೆ ಸರಿದರು. "ದೇವರ ಮುಂದ ಚರ್ಮಾ? ಜಲ್ದಿ ಕಿತ್ತ ಒಗೀರಿ!"

ನನಗೂ ಹೌದೆನಿಸಿತು. ಪ್ಲಾಸ್ಟಿಕ್ ಹಾಕಿದರೆ ದನಿ ಚುರುಕಾಗುತ್ತದೆಂದೂ ಕೇಳಿದ್ದೆ. ಹಾಲಿನ ಪಾಕೀಟು ತೊಳೆದು, ಕತ್ತರಿಸಿ, ಅಂಟಿಸಿದೆ. ಹಾಲಿನದಾದ್ದರಿಂದ ಮಡಿಗೂ ಬರೋಬರ್. ಏಕಾದಶಿಯಂದು ನುಡಿಸಿದರೆ ಪ್ರತಿ ಸ್ವರದೊಳಗೂ ಜೇನುಹುಳ ಹೊಕ್ಕಂತೆ ಗುಂಯ್ ಎಂದಿತು.

"ಆದರ ಶುದ್ಧ ಐತಿ" ಎಂದರು ಅಜ್ಜ.

ಹೆಂಡತಿ ಅವರ ಮಗ್ಗುಲಲ್ಲಿದ್ದ ಮೃದಂಗ ತೋರಿಸಿದಳು. "ಅಜ್ಜಾರ, ಇದು ಯಾವ ಗಿಡದಾಗ ಬೆಳೀತದ್ರಿ?"

ಅಜ್ಜ ತಾಳ ಜೋರು ಮಾಡಿದರು. ಚರ್ಮದ ಪಟ್ಟಿಗಳು ಆಗಲೇ ಕಸದ ಗಾಡಿ ಹತ್ತಿ ಹೋಗಿದ್ದವು.

೩. ಭಾವ ಬಂದರು

ಮುಂದಿನ ಏಕಾದಶಿಗೆ ಭಾವ ಕಪ್ಪು ಕನ್ನಡಕ ಹಾಕಿಕೊಂಡು ಬಂದರು. ಕಣ್ಣು ಇನ್ನೂ ಮಂಜು. ತಂಗಿ ಕೈಹಿಡಿದು ಕೂರಿಸಿದಳು. ನಾನು ದೇವರನ್ನು ನೆನೆದು ನುಡಿಸತೊಡಗಿದೆ. ಭಾವನ ಬೆರಳುಗಳು ತೊಡೆಯ ಮೇಲೆ ತಾವಾಗಿಯೇ ಓಡತೊಡಗಿದವು. ತುಸು ಹೊತ್ತಿಗೆ ನಿಂತುಬಿಟ್ಟವು.

ಹಾಡು ಮುಗಿಯಿತು. ಭಾವ ತಲೆದೂಗಿದರು.

"ಭಾಳ ಚಲೋ ಐತಿ. ಏನ್ ಜೋರ ದನಿ! ಯಾರದಿದು ಹಾರ್ಮೋನಿಯಂ?"

ತಾಳದ ಅಜ್ಜ ತಾಳಗಳನ್ನು ಚೀಲಕ್ಕೆ ತುಂಬತೊಡಗಿದರು.

"ಇರಲಿ. ಇದನ್ನ ಒಳಗಿಟ್ಟು ಇನ್ನ ನನ್ನ ಪೆಟ್ಟಿಗಿ ತರ್ರಿ, ಕೇಳೂಣು" ಎಂದರು ಭಾವ.

ನಾನು ಹೆಂಡತಿಯ ಮುಖ ನೋಡಿದೆ. ಅವಳು ದೇವರ ಮಂಟಪದ ಕಡೆ ನೋಡಿದಳು. ಅಲ್ಲಿ ಬಾಲಕೃಷ್ಣ ಕೆಂಪು ರೇಷ್ಮೆ ಅಂಗಿ ತೊಟ್ಟು, ಬೆಣ್ಣೆ ಹಿಡಿದು ಕೂತಿದ್ದ. ನಮ್ಮೆಲ್ಲರೊಳಗೆ ನಗುತ್ತಿದ್ದವನು ಅವನೊಬ್ಬನೇ.