ಸುಣ್ಣದ ಗೆರೆಯೊಳಗೆ ಒಂದು ಸಂಸಾರ

ನನ್ನ ಬಾಮೈದ ಸ್ವಂತವಾಗಿ ಕಟ್ಟಿದ ಮೊದಲ ಮನೆಗೆ ಗೋಡೆ ಇರಲಿಲ್ಲ, ಸೂರು ಇರಲಿಲ್ಲ. ಆದರೂ ಅದರೊಳಗೆ ಒಂದು ಸಂಸಾರ ಬೆಳಗಿನಿಂದ ಸಂಜೆಯವರೆಗೆ ಉಂಡು, ಮಲಗಿ, ಜಗಳವನ್ನೂ ಆಡಿತು. ನಂಬುವುದಿಲ್ಲವೆ? ನಂಬಬೇಡಿ! ನಾನು ಹೇಳುವುದನ್ನು ನಂಬದೆ ಕೊನೆಯವರೆಗೆ ಉಳಿದವರು ಕೋಲಾರದ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ನೀವೊಂದು ಕೈ ನೋಡಿ.

ಬಾಮೈದ ಎಂದರೆ ನನ್ನ ಹೆಂಡತಿಯ ತಮ್ಮ. ಮುಳಬಾಗಿಲಿನ ಒಬ್ಬ ಮೇಸ್ತ್ರಿಯ ಕೈಕೆಳಗೆ ಗಾರೆ ಕೆಲಸ ಮಾಡುತ್ತಲೇ ತಲೆ ನರೆಸಿಕೊಂಡವನು. ಯಾರ ಮನೆಗೆ ಹೋದರೂ ಮೊದಲು ಗೋಡೆಯನ್ನು ತಟ್ಟಿ ಅದರ ಯೋಗಕ್ಷೇಮ ವಿಚಾರಿಸುತ್ತಾನೆ. ಮನುಷ್ಯರ ಸರದಿ ಆಮೇಲೆ. ನನ್ನ ಮಗಳ ಮದುವೆಯಲ್ಲಿ ಎಲ್ಲರೂ ಅಕ್ಷತೆ ಹಿಡಿದು ನಿಂತಿದ್ದರೆ, ಇವನು ದಾರಕ್ಕೆ ಕಟ್ಟಿದ ತೂಕದ ಗುಂಡನ್ನು ಛತ್ರದ ಕಂಬಕ್ಕೆ ಹಿಡಿದು ನಿಂತಿದ್ದ!

"ಬಾವಾ, ಕಂಬ ವಾಲ್ಕೊಂಡೈತೆ."

"ಲೇ, ಮುಹೂರ್ತ ಜಾರ್ಕೊಳ್ತೈತೆ, ಅಕ್ಷತೆ ಹಾಕೋ!"

ಇಂಥವನು ಒಂದು ದಿನ ಸ್ವಂತ ಕಂಟ್ರಾಕ್ಟು ಮಾಡುತ್ತೇನೆಂದು ಕೆಲಸ ಬಿಟ್ಟ. ಹಳೇ ಮೇಸ್ತ್ರಿ ನಕ್ಕು, "ಹೋಗಪ್ಪಾ, ಹೋಗು. ಗಾರೆ ಹೊರೋ ನಿನ್ ಬಾಂಡ್ಲಿ ಇಲ್ಲೇ ಬೋರಲು ಹಾಕಿಟ್ಟಿರ್ತೀನಿ. ಬಂದು ಎತ್ಕೊಳ್ಳೋವಂತೆ" ಎಂದನಂತೆ. ಅಲ್ಲಿಂದ ನಮ್ಮವನಿಗೆ ಕನಸಿನಲ್ಲೂ ಬಾಂಡ್ಲಿ! ಮೊದಲ ಮನೆ ಕೈತಪ್ಪಿದರೆ ಅದನ್ನೇ ಹೊರಬೇಕು.

ಮೊದಲ ಗಿರಾಕಿ ಸಿಕ್ಕಿದ್ದು ನಂಗಲಿಯಲ್ಲಿ. ಹೈವೇ ಪಕ್ಕ ಲಾರಿಯವರಿಗೆ ಇಡ್ಲಿ ಹಾಕುವ ಹೋಟೆಲಿನ ಹೆಂಗಸು. ಗಂಡ ಸದಾ ಲಾರಿಯ ಮೇಲೆ. ಜೊತೆಗೆ ಕಣ್ಣು ಮಂಜಾದ ಅತ್ತೆ. ಇಬ್ಬರ ವಾಸವೂ ಹೋಟೆಲಿನಲ್ಲೇ. ಸೈಟು ಹೋಟೆಲಿನ ಹಿಂದೆಯೇ. ಉಚಿತ ಸಲಹೆಗಾರನಾಗಿ ನಾನೂ ಹೋದೆ. ಕೆಲಸವಿಲ್ಲದ ಮುದುಕನಿಗೆ ಇದಕ್ಕಿಂತ ದೊಡ್ಡ ಹುದ್ದೆ ಯಾವುದಿದೆ?

ಸುಣ್ಣದ ಪುಡಿಯಲ್ಲಿ ಗೆರೆ ಎಳೆದು ನೆಲದ ಮೇಲೆ ಮನೆಯ ನಕ್ಷೆ ಮೂಡಿಸುವುದು ಎಲ್ಲ ಮೇಸ್ತ್ರಿಗಳೂ ಮಾಡುವ ಕೆಲಸವೇ. ಮಾರನೆಯ ದಿನ ಪಾಯ ಅಗೆಯುತ್ತಾರೆ. ನಮ್ಮವನು ಅಗೆಯಲಿಲ್ಲ.

"ಅಮ್ಮಾ, ಒಂದಿನ ಇದ್ರೊಳಗೆ ಇದ್ದು ನೋಡಿ. ಸರಿ ಅನ್ಸಿದ್ರೆ ಆಮೇಲೆ ಅಗೀತೀನಿ."

"ಯಾವುದ್ರೊಳಗೆ?"

"ಮನೇಲಿ."

"ಮನೆ ಎಲ್ಲೈತೆ ಮೇಸ್ತ್ರಿ?"

"ಅದ್ರಲ್ಲೇ ನಿಂತಿದೀರಲ್ಲಮ್ಮಾ! ಅದೂ ಬಚ್ಚಲಲ್ಲಿ!"

ಆಕೆ ದಡಕ್ಕನೆ ಪಕ್ಕಕ್ಕೆ ಸರಿದಳು. ಅಲ್ಲಿಗೆ ಗೃಹಪ್ರವೇಶ ಆದಂತೆಯೇ. ಗೆರೆಯ ಅಡುಗೆಮನೆಗೆ ಸ್ಟೌ ಬಂತು, ಗೆರೆಯ ನಡುಮನೆಗೆ ಚಾಪೆ ಬಂತು. ಅಜ್ಜಿಗೆ ಗೆರೆ ಕಾಣದು, ಕೋಲೂರಿಕೊಂಡು ನೇರವಾಗಿ ಹೊರಟರೆ ನಾವೆಲ್ಲ "ಅಜ್ಜೀ, ಗೋಡೆ! ಗೋಡೆ!" ಎಂದು ಕೂಗುವುದು. ಕೊನೆಗೆ ಬಾಮೈದ ಆಕೆಯ ಕೋಣೆಯ ಬಾಗಿಲಿನ ಎರಡೂ ಬದಿಗೆ ಒಂದೊಂದು ಇಟ್ಟಿಗೆ ಇಟ್ಟ, ಕೋಲಿಗೆ ತಗಲಲೆಂದು.

ಲಾರಿ ಡ್ರೈವರೊಬ್ಬ ಟೀ ಲೋಟ ಹಿಡಿದು ಬಂದ. "ಏನ್ ಯಜಮಾನ್ರೇ ಇದು, ಮಾಟಾನಾ?"

"ಮನೆ ಕಣಪ್ಪಾ. ತಲೆ ಬಗ್ಗಿಸ್ಕೊಂಡು ಬಾ, ಬಾಗ್ಲು ಗಿಡ್ಡ."

ಪಾಪ, ಬಗ್ಗಿದ!

ಇಷ್ಟೆಲ್ಲ ಇದ್ದ ಮೇಲೆ ನನ್ನ ಕೈ ಸುಮ್ಮನಿರುತ್ತದೆಯೆ? ಊಟದ ಹೊತ್ತಿನಲ್ಲಿ ಬಾಮೈದ ಅಜ್ಜಿಯ ಕೋಣೆಯಲ್ಲಿ ಟೇಪು ಹಿಡಿದು ಅಳೆಯುತ್ತಿದ್ದ. ನಾನು ಹಿಡಿ ಸುಣ್ಣ ತಂದು ಬಾಗಿಲ ಜಾಗಕ್ಕೂ ಗೆರೆ ಎಳೆದುಬಿಟ್ಟೆ!

"ಬಾವಾ, ಬಾಗ್ಲು?"

"ಯಾವ ಬಾಗ್ಲೋ? ನೀನೇ ಬಿಡೋದು ಮರ್ತಿದೀಯ."

ಮಹಾನುಭಾವ ಗೋಡೆ ದಾಟಲಿಲ್ಲ ನೋಡಿ! ತಟ್ಟೆಯನ್ನು ಕಿಟಕಿಯಿಂದ ಈಸಿಕೊಂಡು ಒಳಗೇ ಉಂಡ.

ಸಂಜೆಗೆ ಅರ್ಧ ಊರು ಬಂದು ಸುತ್ತ ನಿಂತು ಹಲ್ಲು ಕಿರಿಯತೊಡಗಿತು. ಹೋಟೆಲಿನ ಹೆಂಗಸಿಗೆ ರೇಗಿತು. "ಸಾಕು, ಎದ್ದೇಳಿ! ಜನಕ್ಕೆಲ್ಲ ತಮಾಷಾ ಆಗೋಯ್ತು ನಮ್ ಬಾಳು. ನಾಳೆ ನಿಮ್ ಹಳೇ ಮೇಸ್ತ್ರಿನೇ ಕರಿಸ್ತೀನಿ." ನಮ್ಮವನ ಮುಖ ಸುಣ್ಣಕ್ಕಿಂತ ಬಿಳುಪಾಯಿತು. ಸ್ಟೌ ಎತ್ತಿದ್ದಾಯಿತು, ಚಾಪೆ ಸುತ್ತಿದ್ದಾಯಿತು. ಅಜ್ಜಿ ಮಾತ್ರ ಕೋಣೆಯಿಂದ ಏಳಲಿಲ್ಲ.

"ಅತ್ತಮ್ಮಾ, ಏಳಿ, ಹೊತ್ತಾಯ್ತು."

"ಎಲ್ಲಿಗೆ?"

"ಹೋಟ್ಲಿಗೆ."

ಅಜ್ಜಿ ಬಾಮೈದನ ಕಡೆ ಮುಖ ತಿರುಗಿಸಿದಳು. "ನಾಯನಾ, ಈ ರೂಮು ನಿಜವಾಗ್ಲೂ ನಂದೇನಾ?"

"ನಿಮ್ದೇ ಅಜ್ಜಿ."

"ಮದ್ವೆಯಾಗಿ ಬಂದಾಗಿಂದ ಹೋಟ್ಲು ಬೆಂಚಿನ ಮೇಲೇ ಮಲ್ಗಿದೀನಿ. ಗಿರಾಕಿ ಎದ್ರೇನೇ ನಂಗೆ ನಿದ್ದೆ. ಇವತ್ತು ಮಧ್ಯಾಹ್ನ ಮಲ್ಗಿದ್ನಾ, ಯಾರೂ 'ಜರುಗು' ಅನ್ಲಿಲ್ಲ."

ಸೊಸೆ ಸುತ್ತಿದ ಚಾಪೆಯನ್ನು ಮತ್ತೆ ಹಾಸಿದಳು. "ಮೇಸ್ತ್ರಿ, ಬೆಳಿಗ್ಗೆನೇ ಬಂದು ಅಗೀರಿ. ಈ ರೂಮು ಮಾತ್ರ ಒಂದಿಂಚೂ ಕಮ್ಮಿಯಾಗ್ಬಾರ್ದು."

ಆ ಮನೆ ಎದ್ದಿತು. ಈಗ ಟೇಕಲ್‌ನಿಂದ ಗೌನಿಪಲ್ಲಿಯವರೆಗೆ ನಮ್ಮವನಿಗೆ ಕರೆ ಬರುತ್ತದೆ. ಹಳೇ ಮೇಸ್ತ್ರಿಯ ಅಂಗಳದಲ್ಲಿ ಆ ಬೋರಲು ಬಾಂಡ್ಲಿಯ ಮೇಲೆ ಕೋಳಿ ಹತ್ತಿ ಕೂಗುತ್ತದಂತೆ.

ನಂಬಿದಿರಲ್ಲ? ನಂಬಿ. ಒಂದನ್ನು ಬಿಟ್ಟು ಎಲ್ಲವೂ ನಿಜ. ನಾನು ಬಾಗಿಲು ಮುಚ್ಚಿದ್ದು, ಬಾಮೈದ ಒಳಗೆ ಸಿಕ್ಕಿಕೊಂಡದ್ದು, ಅದೊಂದು ಕಟ್ಟುಕತೆ. ಹಿಡಿ ಸುಣ್ಣ ಹಿಡಿದು ಅಲ್ಲಿಗೆ ಹೋಗಿದ್ದು ನಿಜ, ಗೆರೆ ಎಳೆಯಲಿಲ್ಲ. ಒಳಗೆ ಅಜ್ಜಿ ಮಲಗಿದ್ದಳು. ಬಾಗಿಲ ಹೊರಗೆ, ಎರಡು ಇಟ್ಟಿಗೆಗಳ ನಡುವೆ, ತನ್ನ ಚಪ್ಪಲಿ ಜೋಡಿಸಿ ಬಿಟ್ಟಿದ್ದಳು.